ಬಿದ್ದು ಹತ್ತು ವರ್ಷ ಆದ್ಮೇಲೆ ಕೈ ಜೋಮು ಹಿಡಿದ್ರೆ

ಸೆಪ್ಟೆಂಬರ್ 5ಕ್ಕೆ ಮಲೆನಾಡಿನ ಒಂದು ತಾಲೂಕು ಊರಲ್ಲಿ ಬೆನ್ನುಹುರಿಗೆ ಪೆಟ್ಟಾದವರು, ಅವರ ಮನೆಯವರು ಎಲ್ಲಾ ಸೇರಿದ್ದ ಸಭೆಯಲ್ಲಿ ನಾನು ಮಾತಾಡಿದ್ದನ್ನ ಬರ್ದು ಕೊಡಿ ಅಂತ ಸುಮಾರು ಜನ ಕೇಳಿದ್ರು. ಮಾತಾಡಿದ ಹಾಗೇ ಬರ್ದಿದೀನಿ, ಒಂದೆರಡು ಕಡೆ ಬಿಟ್ಟು ಹೋಗಿದ್ದನ್ನ ಸೇರಿಸಿದೀನಿ ಅಷ್ಟೆ.

ಎಲ್ಲರಿಗೂ ನಮಸ್ಕಾರ. ಇವತ್ತು ಬೆನ್ನುಹುರಿ ಗಾಯದ ಬಗ್ಗೆ ತಿಳುವಳಿಕೆ ಮೂಡಿಸೋ ದಿನ, 2016ರಿಂದ ಜಗತ್ತಿನ ಎಲ್ಲಾ ಕಡೆ ಆಚರಿಸ್ತಾರೆ, ನಮ್ಮಲ್ಲಿ ಇದೇ ದಿನ ಶಿಕ್ಷಕರ ದಿನಾಚರಣೆ ಇರೋದ್ರಿಂದ ಹೆಚ್ಚಿನವರಿಗೆ ಗೊತ್ತಾಗಲ್ಲ. ಮರ ಹತ್ತೋವಾಗ ಹೇಗೆ ಎಚ್ಚರ ಇರ್ಬೇಕು, ಬಿದ್ದವರನ್ನ ಹೇಗೆ ಎತ್ಬೇಕು ಅನ್ನೋದು ಬೆಳಿಗ್ಗೆ ಡಾಕ್ಟ್ರು ಹೇಳಿ ಆಯ್ತು. ನಾನು ಮಾತಾಡ್ಬೇಕು ಅಂದ್ಕೊಂಡಿರೋದು ಬಿದ್ದು ಐದು ವರ್ಷ, ಹತ್ತು ವರ್ಷ, ಇಪ್ಪತ್ತು ವರ್ಷ ಆದವರ ಬಗ್ಗೆ. ಅಂದ್ರೆ ಇಲ್ಲಿ ಕೂತಿರೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನದ ಬಗ್ಗೆ.

ನಾನು ಫಿಸಿಯೋಥೆರಪಿಸ್ಟ್. ಒಬ್ಬ ಅಣ್ಣನ ಕಥೆ ಮೊದ್ಲು ಹೇಳ್ತೀನಿ, ಅವರೇ ಹೇಳಿ ಅಂದಿದಾರೆ, ಹೆಸರು ಊರು ಬೇಡ. ಮಳೆಗಾಲದಲ್ಲಿ ಕೊಳೆ ರೋಗದ ಔಷಧಿ ಹೊಡೆಯೋಕೆ ಅಡಿಕೆ ಮರ ಹತ್ತಿದವರು ಜಾರಿ ಬಿದ್ದು ಸೊಂಟದಿಂದ ಕೆಳಗೆ ಸ್ವಾಧೀನ ಹೋಯ್ತು. ರಿಪೋರ್ಟಲ್ಲಿ ಡಿ 10 ಅಂತ ಇತ್ತು (ಎದೆಭಾಗದ ಬೆನ್ನುಹುರಿಯ ಹತ್ತನೇ ಮಟ್ಟ, ಎಣಿಕೆ ಮೇಲಿಂದ ಕೆಳಕ್ಕೆ, ಕೆಲವರು ಟಿ 10 ಅಂತ ಬರೀತಾರೆ, ಎರಡೂ ಒಂದೇ), ಅಂದ್ರೆ ಹೆಚ್ಚುಕಮ್ಮಿ ಹೊಕ್ಕುಳ ಮಟ್ಟದಿಂದ ಕೆಳಗೆ ಗೊತ್ತಾಗಲ್ಲ, ಕೈ ಎರಡೂ ಗಟ್ಟಿ. ರಾಡ್ ಹಾಕಿದ್ರು, ಆರು ತಿಂಗಳು ಕಷ್ಟಪಟ್ರು, ಆಮೇಲೆ ವೀಲ್‌ಚೇರಿಗೆ ಹೊಂದ್ಕೊಂಡು ಮನೆ ಮುಂದೇನೇ ಅಂಗಡಿ ಇಟ್ರು, ಮದುವೆ ಆಯ್ತು, ಚೆನ್ನಾಗೇ ಇದ್ರು. ಒಂಬತ್ತು ವರ್ಷ ಆದ್ಮೇಲೆ ನನ್ನ ಹತ್ರ ಬಂದು, ಮೇಡಂ ಎಡಗೈ ಜೋಮು ಹಿಡೀತದೆ, ಸೀನಿದ್ರೆ ಹೆಗಲಿಂದ ಕುತ್ತಿಗೆವರೆಗೆ ಕರೆಂಟ್ ಹೊಡೆದ ಹಾಗೆ ಆಗ್ತದೆ ಅಂದ್ರು. ನಾನು ಹತ್ತಿ ಮುಟ್ಟಿಸಿ ನೋಡ್ದೆ, ಬೆರಳು ಬೆರಳಿಗೂ ಸ್ಪರ್ಶ ಸರಿಯಾಗಿ ಗೊತ್ತಾಗ್ತಿತ್ತು. ವೀಲ್‌ಚೇರ್ ತಳ್ಳೋವರಿಗೆ ಮಣಿಕಟ್ಟಿನ ನರ ಒತ್ತಿ ಜೋಮು ಹಿಡಿಯೋದು ತುಂಬಾ ಸಾಮಾನ್ಯ, ಕಾರ್ಪಲ್ ಟನಲ್ ಅಂತೀವಿ, ಅದೇ ಇರ್ಬೇಕು ಅಂತ ಪಟ್ಟಿ ಕೊಟ್ಟು ಕಳಿಸ್ದೆ. ಪಿನ್ನು ಚುಚ್ಚಿ ನೋಡ್ಲಿಲ್ಲ. ಬಿಸಿ ತಣ್ಣಗೆ ನೋಡ್ಲಿಲ್ಲ. ಎರಡು ನಿಮಿಷದ ಕೆಲ್ಸ ಅದು.

ಐದಾರು ತಿಂಗಳು ಬಿಟ್ಟು ಅವರ ಹೆಂಡ್ತಿ ಕರ್ಕೊಂಡು ಬಂದ್ರು. ಎಡಗೈ ಬೆರಳಲ್ಲಿ ಎರಡು ದೊಡ್ಡ ಬೊಕ್ಕೆ. ಬೆಳಿಗ್ಗೆ ಕಾಫಿ ಸ್ಟೀಲ್ ಲೋಟಕ್ಕೆ ಬಗ್ಗಿಸಿ ಕೊಟ್ಟಿದಾರೆ, ಅವರು ಲೋಟನ ಬುಡದ ಹತ್ರ ಹಿಡ್ಕೊಂಡು ಪೇಪರ್ ಓದ್ತಾ ಕೂತಿದಾರೆ, ಅಷ್ಟು ಬಿಸಿ ಲೋಟ ಹಾಗೆ ಹಿಡ್ಕೊಂಡಿದೀರಲ್ಲಾ ಅಂತ ಆಕೆ ಕೂಗಿದಾಗ್ಲೇ ಅವರಿಗೆ ಗೊತ್ತಾಗಿದ್ದು. ಲೋಟ ಕೈಯಲ್ಲಿದೆ ಅನ್ನೋದು ಗೊತ್ತು, ಅದರ ಅಂಚು, ನುಣುಪು, ಭಾರ ಎಲ್ಲಾ ಗೊತ್ತು, ಬಿಸಿ ಮಾತ್ರ ಗೊತ್ತಿಲ್ಲ. ಮನೇಲಿ ಅತ್ತೆ ಕುಷ್ಠ ಇರ್ಬೋದು ಅಂತ ಹೆದರಿಬಿಟ್ಟಿದ್ರು, ಹೆಂಡ್ತಿ ಅದನ್ನ ನನ್ನ ಕಿವೀಲಿ ಮೆಲ್ಲಗೆ ಕೇಳಿದ್ರು. ಆ ಹೆದರಿಕೆ ಅಷ್ಟು ವಿಚಿತ್ರದ್ದೇನಲ್ಲ, ಯಾಕಂದ್ರೆ ಹಿಂದೆ ಡಾಕ್ಟ್ರುಗಳೇ ಈ ಎರಡು ಕಾಯಿಲೆನ ಒಂದಕ್ಕೊಂದು ಗೊಂದಲ ಮಾಡ್ಕೊಂಡಿದ್ದುಂಟು, ಎರಡರಲ್ಲೂ ಸುಟ್ಟಿದ್ದು ಗೊತ್ತಾಗಲ್ಲ.

ಆವತ್ತು ಪಿನ್ನು ಹಿಡಿದು ನೋಡ್ದಾಗ ಎಡಗೈ, ಎಡ ಭುಜ, ಎದೆಯ ಮೇಲ್ಭಾಗ ಎಲ್ಲಾ ಚುಚ್ಚಿದ್ದು ಗೊತ್ತಿಲ್ಲ. ಎಂಆರ್‌ಐ ಮಾಡಿಸಿದ್ರೆ ಪೆಟ್ಟು ಬಿದ್ದ ಜಾಗದಿಂದ ಮೇಲಕ್ಕೆ, ಕುತ್ತಿಗೆವರೆಗೂ, ಬೆನ್ನುಹುರಿಯ ಒಳಗಡೆ ಉದ್ದಕ್ಕೆ ಒಂದು ನೀರಿನ ಕೊಳವೆ. ಇದನ್ನ ಸಿರಿಂಕ್ಸ್ ಅಂತಾರೆ, ಕಾಯಿಲೆ ಹೆಸ್ರು ಸಿರಿಂಗೊಮೈಲಿಯಾ. ಸಿರಿಂಕ್ಸ್ ಅಂದ್ರೆ ಗ್ರೀಕ್ ಭಾಷೆಲಿ ಕೊಳಲು. ನಿಜವಾಗ್ಲೂ ಸ್ಕ್ಯಾನಲ್ಲಿ ನೋಡಿದ್ರೆ ಕೊಳಲಿನ ಹಾಗೇ ಕಾಣುತ್ತೆ, ಮಧ್ಯ ಟೊಳ್ಳು.

ಇದು ಹೇಗಾಗುತ್ತೆ ಅನ್ನೋದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಇದು ಅರ್ಥ ಆದ್ರೆ ಉಳಿದಿದ್ದೆಲ್ಲಾ ತಾನಾಗೇ ಅರ್ಥ ಆಗುತ್ತೆ. ಮಿದುಳು, ಬೆನ್ನುಹುರಿ ಎರಡೂ ಒಂದು ತಿಳಿನೀರಲ್ಲಿ ತೇಲ್ತಾ ಇರ್ತವೆ. ಯಾವ ಹೊತ್ತಲ್ಲಿ ನೋಡಿದ್ರೂ ದೊಡ್ಡವರಲ್ಲಿ ಸುಮಾರು 150 ಎಂಎಲ್ ಇರುತ್ತೆ, ಆದ್ರೆ ದಿನಕ್ಕೆ ಸುಮಾರು 500 ಎಂಎಲ್ ಹೊಸದಾಗಿ ಹುಟ್ಟುತ್ತೆ, ಹಳೇದು ರಕ್ತಕ್ಕೆ ಸೇರುತ್ತೆ, ಎದೆ ಬಡಿದಾಗ ಉಸಿರಾಡಿದಾಗ ಅದು ಹುರಿಯ ಸುತ್ತ ಮೇಲೆ ಕೆಳಗೆ ಹರಿದಾಡ್ತಾ ಇರುತ್ತೆ. ಪೆಟ್ಟು ಬಿದ್ದ ಜಾಗದಲ್ಲಿ ರಕ್ತ ಸೋರಿ, ಊದಿಕೊಂಡು, ಆಮೇಲೆ ವಾಸಿ ಆಗ್ತಾ ಕಲೆ ಕಟ್ಟುತ್ತಲ್ಲ, ಮಂಡಿ ತರಚಿದ್ರೆ ಚರ್ಮದ ಮೇಲೆ ಗಟ್ಟಿ ಕಲೆ ಉಳಿಯೋ ಹಾಗೆ, ಆ ಕಲೆ ಹುರಿನ ಸುತ್ತಲಿನ ಪೊರೆಗೆ ಅಂಟಿಸಿಬಿಡುತ್ತೆ, ನೀರು ಹರಿಯೋ ದಾರಿ ಕಟ್ಕೊಳ್ಳುತ್ತೆ. ನಿಮ್ಮ ತೋಟದ ಬಸಿಗಾಲುವೆ ನೆನಪು ಮಾಡ್ಕೊಳ್ಳಿ. ಸೋಗೆ, ಎಲೆ ಬಿದ್ದು ಒಂದು ಕಡೆ ಕಟ್ಕೊಂಡ್ರೆ ನೀರು ಸುಮ್ನೆ ನಿಲ್ಲಲ್ಲ, ಪಕ್ಕದ ಮಣ್ಣಿಗೆ ಇಳಿಯುತ್ತೆ, ನಾಲ್ಕು ಮಳೆಗಾಲ ಕಳೆದ್ಮೇಲೆ ನೋಡಿದ್ರೆ ಒಳಗಿಂದ ಒಳಗೇ ಪೊಳ್ಳಾಗಿ ಬರಣ, ಅಂದ್ರೆ ಕಾಲುವೆ ಪಕ್ಕದ ಏರು ಮಣ್ಣು, ಕುಸಿದಿರುತ್ತೆ. ಹಾಗೇ ಇಲ್ಲಿ ಪೆಟ್ಟಿಂದ ಆದ ಸಣ್ಣ ಗುಳಿಗೆ ನೀರು ಸೇರ್ತಾ ಸೇರ್ತಾ, ಕೆಮ್ಮಿದಾಗ, ಸೀನಿದಾಗ, ಮಲಬದ್ಧತೆಗೆ ಮುಕ್ಕಿದಾಗ ಒತ್ತಡ ಬಿದ್ದು ಅದು ಉದ್ದ ಆಗ್ತಾ ಹೋಗುತ್ತೆ. ಕೆಳಗೂ ಹೋಗ್ಬೋದು, ಮೇಲಕ್ಕೂ ಬರ್ಬೋದು. ಮೇಲಕ್ಕೆ ಬಂದ್ರೇನೇ ನಮ್ಗೆ ಭಯ, ಯಾಕಂದ್ರೆ ಇಷ್ಟು ವರ್ಷ ಬದುಕು ನಡೆಸಿರೋ ಕೈಗಳು ಅಲ್ಲಿವೆ.

ಬಿಸಿ ಮಾತ್ರ ಗೊತ್ತಾಗ್ಲಿಲ್ಲ, ಸ್ಪರ್ಶ ಯಾಕೆ ಉಳಿದಿತ್ತು ಅಂತ ಕೇಳ್ಬೋದು. ನೋವು ಮತ್ತು ಬಿಸಿ ತಣ್ಣಗೆಯ ಸುದ್ದಿ ಒಯ್ಯೋ ನರದ ಎಳೆಗಳು ಹುರಿಯ ನಟ್ಟನಡುವೆ, ಎಡದಿಂದ ಬಲಕ್ಕೆ ಬಲದಿಂದ ಎಡಕ್ಕೆ ದಾಟ್ತವೆ. ಟೊಳ್ಳು ಶುರು ಆಗೋದು ಆ ನಡುಭಾಗದ ಆಸುಪಾಸಲ್ಲೇ, ಆದ್ರಿಂದ ಮೊದಲು ಕಡಿಯೋದು ಇವೇ. ನವಿರು ಸ್ಪರ್ಶದ ಎಳೆಗಳು ಹಿಂಭಾಗದಲ್ಲಿ ದಾಟದೆ ನೇರ ಮೇಲಕ್ಕೆ ಹೋಗ್ತವೆ, ಅವು ತುಂಬಾ ದಿನ ಉಳ್ಕೊಂಡಿರ್ತವೆ. ನಾನು ಹತ್ತಿ ಒಂದರಲ್ಲೇ ನೋಡಿ ಮೋಸ ಹೋಗಿದ್ದು ಇಲ್ಲೇ. ಇದನ್ನ ನಾನು ಓದಿರ್ಲಿಲ್ಲ ಅಂತಲ್ಲ, ಪರೀಕ್ಷೆಗೆ ಬರ್ದು ಮಾರ್ಕ್ಸ್ ತಗೊಂಡಿದ್ದೆ. ಒಂಬತ್ತು ವರ್ಷದ ಹಿಂದೆ ಮುಗಿದು ಹೋದ ಗಾಯ ಅಂತ ನನ್ನ ಮನಸ್ಸಲ್ಲಿ ಇತ್ತು, ಅದಕ್ಕೇ ಕೈ ಪಿನ್ನಿಗೆ ಹೋಗ್ಲಿಲ್ಲ.

ಈ ಮುಗಿದು ಹೋದ ಗಾಯ ಅನ್ನೋ ಮಾತೇ ನನಗೆ ಇವತ್ತು ಮುಖ್ಯ. ಬಿದ್ದ ಎರಡನೇ ವರ್ಷಕ್ಕೇ ಎಲ್ಲರೂ ಹೇಳೋದು, ಇನ್ನು ಇಷ್ಟೇ, ಬಂದಷ್ಟು ಬಂತು, ಇನ್ನು ಆಸ್ಪತ್ರೆಗೆ ಅಲೀಬೇಡಿ. ಬರೋದು ನಿಂತಿರ್ಬೋದು, ಆದ್ರೆ ಹೋಗೋದು ನಿಂತಿದೆ ಅಂತ ಅಲ್ಲ. ಸಿರಿಂಕ್ಸ್ ಕೆಲವರಿಗೆ ಪೆಟ್ಟಾದ ಕೆಲವೇ ತಿಂಗಳಿಗೆ ಬಂದಿದೆ, ಕೆಲವರಿಗೆ 30 ವರ್ಷ ಕಳೆದ್ಮೇಲೆ ಬಂದಿದೆ. ತೊಂದ್ರೆ ಕೊಡೋ ಮಟ್ಟಕ್ಕೆ ಬರೋದು ನೂರರಲ್ಲಿ ಸುಮಾರು 3-4 ಜನಕ್ಕೆ, ಸ್ಕ್ಯಾನ್ ಮಾಡಿ ಹುಡುಕಿದ್ರೆ ಇನ್ನೂ ಎಷ್ಟೋ ಜನದಲ್ಲಿ ಸಣ್ಣಪುಟ್ಟ ಟೊಳ್ಳು ಸುಮ್ನೆ ಇರೋದು ಕಾಣುತ್ತೆ. ಹಾಗಾಗಿ ಇವತ್ತು ರಾತ್ರಿ ಯಾರೂ ನಿದ್ದೆ ಕೆಡಿಸ್ಕೋಬೇಡಿ, ಇದು ಎಲ್ಲರಿಗೂ ಬರೋದಲ್ಲ. ಬಂದವರಿಗೆ ಬೇಗ ಗೊತ್ತಾಗ್ಲಿ ಅನ್ನೋದಷ್ಟೇ ನನ್ನ ಕಾಳಜಿ.

ಹಿಂದಿನ ಕಾಲದಲ್ಲಿ ಇದರ ಬಗ್ಗೆ ಹೆಚ್ಚು ಯಾರಿಗೂ ಗೊತ್ತಿರ್ಲಿಲ್ಲ, ಯಾಕಂದ್ರೆ ಅಷ್ಟು ವರ್ಷ ಯಾರೂ ಬದುಕ್ತಿರ್ಲಿಲ್ಲ. ಬೆನ್ನುಹುರಿ ಕಡಿದವರು ಬೆಡ್‌ಸೋರಿಂದ, ಅಂದ್ರೆ ಮಲಗಿ ಮಲಗಿ ಆಗೋ ಹುಣ್ಣಿಂದ, ಮೂತ್ರದ ಇನ್ಫೆಕ್ಷನ್ನಿಂದ ಒಂದೆರಡು ವರ್ಷದೊಳಗೆ ಹೋಗಿಬಿಡ್ತಿದ್ರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಲಿ ಲುಡ್ವಿಗ್ ಗುಟ್‌ಮನ್ ಅನ್ನೋ ಡಾಕ್ಟ್ರು, ನಾಜಿ ಜರ್ಮನಿಯಿಂದ ತಪ್ಪಿಸ್ಕೊಂಡು ಬಂದಿದ್ದವರು, ಇಂಥವರಿಗೇ ಒಂದು ಘಟಕ ಶುರು ಮಾಡಿ ಎರಡೆರಡು ಗಂಟೆಗೆ ಮಗ್ಗುಲು ಬದಲಾಯಿಸೋದು, ಮೂತ್ರದ ಕಾಳಜಿ, ಆಟ, ಕೆಲ್ಸ ಅಂತ ಹಿಡಿದು ಕೂತ ಮೇಲೆ ಈ ಲೆಕ್ಕ ಬದಲಾಯ್ತು. ಅವರು 1948ರಲ್ಲಿ 16 ಜನರಿಗೆ ಬಿಲ್ಲುಗಾರಿಕೆ ಸ್ಪರ್ಧೆ ಇಟ್ಟಿದ್ದೇ ಮುಂದೆ ಪ್ಯಾರಾಲಿಂಪಿಕ್ಸ್ ಆಯ್ತು. ಜನ ವರ್ಷಗಟ್ಲೆ ಬದುಕೋಕೆ ಶುರು ಆದಾಗ ವರ್ಷಗಟ್ಲೆ ಕಳೆದ್ಮೇಲೆ ಬರೋ ತೊಂದ್ರೆಗಳೂ ಕಾಣಿಸ್ಕೊಂಡ್ವು. 1966ರಲ್ಲಿ ಕೆನಡಾದ ಬಾರ್ನೆಟ್ ಮತ್ತು ಜೊತೆಯವರು, ಹಳೇ ಗಾಯ ಇರೋರಲ್ಲಿ ಹೊಸದಾಗಿ ಮೇಲಕ್ಕೆ ಏರೋ ತೊಂದ್ರೆ ಬಗ್ಗೆ ಬ್ರೈನ್ ಅನ್ನೋ ಪತ್ರಿಕೇಲಿ ಬರೆದ್ರು. ಆದ್ರೂ 1980ರ ದಶಕದಲ್ಲಿ ಎಂಆರ್‌ಐ ಬರೋವರೆಗೆ ಬದುಕಿರೋವರ ಹುರಿಯ ಒಳಗೆ ಸುಲಭವಾಗಿ ಇಣುಕಿ ನೋಡೋಕೆ ಆಗ್ತಿರ್ಲಿಲ್ಲ.

ನಮ್ಮ ದೇಶದಲ್ಲಿ ಡಾ. ಮೇರಿ ವರ್ಗೀಸ್ ಅಂತ ಇದ್ರು, ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಡಾಕ್ಟ್ರು. 1954ರಲ್ಲಿ ಕಾರ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಅವರಿಗೇ ಕಾಲಿನ ಸ್ವಾಧೀನ ಹೋಯ್ತು, ಆಮೇಲೆ ವೀಲ್‌ಚೇರಲ್ಲಿ ಕೂತೇ ಕುಷ್ಠ ಆದವರ ಕೈಗಳಿಗೆ ಆಪರೇಷನ್ ಮಾಡಿದ್ರು, ಪುನಶ್ಚೇತನದ ವಿಭಾಗ ಕಟ್ಟಿದ್ರು. ನೋವೇ ಗೊತ್ತಾಗದ ಕೈಯನ್ನ ಹೇಗೆ ಕಾಪಾಡ್ಕೋಬೇಕು ಅನ್ನೋದು ಅವರಷ್ಟು ಹತ್ತಿರದಿಂದ ಕಂಡವರು ಕಮ್ಮಿ. ಅವರ ಹೆಸ್ರು ಇಲ್ಲಿ ಕೂತಿರೋ ಹುಡುಗೀರಿಗೆ ಗೊತ್ತಿರ್ಲಿ ಅಂತ ಹೇಳ್ದೆ.

ಸರಿ, ಯಾವಾಗ ಅನುಮಾನ ಪಡ್ಬೇಕು. ಮೊದಲು ಸರಿ ಇದ್ದ ಜಾಗದಲ್ಲಿ ಹೊಸದಾಗಿ ಏನಾದ್ರೂ ಬಂದ್ರೆ. ಇದೊಂದು ನೆನಪಿಟ್ಕೊಂಡ್ರೆ ಸಾಕು. ನಿಮ್ಮ ಗಾಯದ ಮಟ್ಟಕ್ಕಿಂತ ಮೇಲೆ ನೋವು, ಉರಿ, ಜೋಮು, ಅದರಲ್ಲೂ ಕೆಮ್ಮಿದಾಗ ಸೀನಿದಾಗ ಜಾಸ್ತಿ ಆಗೋದು, ಬಿಸಿ ತಣ್ಣಗೆ ಗೊತ್ತಾಗದೆ ಇರೋದು, ಕೈ ಹಿಡಿತ ಸಡಿಲ ಆಗಿ ಬೀಗದ ಕೈ ತಿರುಗಿಸೋಕೆ, ಅಂಗಿ ಗುಂಡಿ ಹಾಕೋಕೆ ಕಷ್ಟ ಆಗೋದು, ಹೋದ ವರ್ಷ ಸಲೀಸಾಗಿ ಮಂಚದಿಂದ ಚೇರಿಗೆ ಹಾರ್ತಿದ್ದವರು ಈ ವರ್ಷ ಯಾರನ್ನಾದ್ರೂ ಕರೆಯೋದು, ಮುಖದ ಅಥವಾ ಮೈಯ ಒಂದು ಕಡೆ ಮಾತ್ರ ಬೆವರು ಸುರಿಯೋದು, ಮೂತ್ರದ ರೀತಿ ಬದಲಾಗೋದು. ಕಾಲಿನ ಸೆಳೆತ ಇದ್ದಕ್ಕಿದ್ದ ಹಾಗೆ ಜಾಸ್ತಿ ಆಗ್ಬೋದು, ಕೆಲವರಿಗೆ ಉಲ್ಟಾ, ಇಷ್ಟು ವರ್ಷ ಬಿಗಿಯಾಗಿದ್ದ ಕಾಲು ಸಡಿಲ ಆಗ್ಬೋದು, ಆಗ ಮನೆಯವರು ಕಾಲು ವಾಸಿ ಆಗ್ತಿದೆ ಅಂತ ಖುಷಿ ಪಡ್ತಾರೆ, ಅದನ್ನ ನೋಡಿದ್ರೆ ನನಗೆ ಸಂಕಟ ಆಗುತ್ತೆ.

ಆದ್ರೆ ಸೆಳೆತ ಜಾಸ್ತಿ ಆಯ್ತು ಅಂದ್ಕೂಡ್ಲೇ ಸಿರಿಂಕ್ಸ್ ಅಂತ ಓಡ್ಬೇಡಿ. ಮೊದಲು ಮೂತ್ರ ಪರೀಕ್ಷೆ ಮಾಡ್ಸಿ, ಇನ್ಫೆಕ್ಷನ್ನೋ ಕಲ್ಲೋ ಇರ್ಬೋದು. ಮಲಬದ್ಧತೆ ಇದೆಯಾ ನೋಡಿ. ಕುಂಡೆ, ಬೆನ್ನು, ಹಿಮ್ಮಡಿ ಎಲ್ಲಾ ಕನ್ನಡಿ ಹಿಡಿದು ನೋಡಿ, ಹುಣ್ಣು ಶುರು ಆಗಿರ್ಬೋದು. ಕಾಲಿನ ಉಗುರು ಮಾಂಸದೊಳಗೆ ಬೆಳೆದಿದ್ರೂ ಸೆಳೆತ ಬರುತ್ತೆ. ಇನ್ನೊಂದು, ಕೂತಾಗ ಬೆನ್ನಲ್ಲಿ ಕಟಕ್ ಕಟಕ್ ಅಂತ ಶಬ್ದ ಬರೋದು, ಮೊದಲಿನ ಹಾಗೆ ನೆಟ್ಟಗೆ ಕೂರೋಕೆ ಆಗದೆ ಒಂದು ಕಡೆ ವಾಲೋದು ಆದ್ರೆ ಗಾಯದ ಕೆಳಗಿನ ಮೂಳೆ ಕೀಲುಗಳು ನೋವಿನ ಅರಿವಿಲ್ಲದೆ ಸವೆದು ಹೋಗಿರ್ಬೋದು, ಚಾರ್ಕೋ ಸ್ಪೈನ್ ಅಂತಾರೆ, ಅದಕ್ಕೂ ಎಕ್ಸ್‌ರೇ ಬೇಕೇ ಬೇಕು. ಮತ್ತೆ ಎಲ್ಲಾ ಕೈ ಜೋಮೂ ಸಿರಿಂಕ್ಸ್ ಅಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದು ಕೈ ಕೊಡವಿದ್ರೆ ಸರಿ ಹೋದ್ರೆ ಮಣಿಕಟ್ಟಿನದೇ ಇರ್ಬೋದು, ಕಿರುಬೆರಳಿನ ಕಡೆ ಆದ್ರೆ ಮೊಣಕೈ ಹತ್ರದ ನರ ಇರ್ಬೋದು. ಕೆಲವರಿಗೆ ನರ ಒತ್ತೋದು, ಸಿರಿಂಕ್ಸ್ ಎರಡೂ ಒಟ್ಟಿಗೆ ಇರ್ತವೆ, ಅದೇ ಕಷ್ಟ.

ಇನ್ನೊಂದು ವಿಷ್ಯ ಇಲ್ಲೇ ಹೇಳ್ಬೇಕು, ಇದು ನಿಧಾನದ್ದಲ್ಲ, ನಿಮಿಷಗಳ ಲೆಕ್ಕದ್ದು. ಡಿ 6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ, ಕುತ್ತಿಗೆ ಪೆಟ್ಟಿನವರೂ ಸೇರಿ, ಆಸ್ಪತ್ರೆಯಿಂದ ಮನೆಗೆ ಬಂದು ಎಷ್ಟೋ ದಿನ ಆದ್ಮೇಲೆ ಇದ್ದಕ್ಕಿದ್ದ ಹಾಗೆ ತಲೆ ಸಿಡಿಯೋ ನೋವು, ಮುಖ ಕೆಂಪು, ಮೇಲ್ಭಾಗಕ್ಕೆ ಬೆವರು, ರೋಮ ನಿಮಿರೋದು ಆದ್ರೆ ಅದು ಅಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ. ಕೆಳಗೆ ಏನೋ ಒಂದು ತೊಂದ್ರೆ ಆಗಿರುತ್ತೆ, ಹೆಚ್ಚಾಗಿ ಮೂತ್ರಕೋಶ ತುಂಬಿರೋದು, ಮೈಗೆ ಗೊತ್ತಾಗಿದೆ ಆದ್ರೆ ತಲೆಗೆ ಸುದ್ದಿ ಮುಟ್ಟಲ್ಲ, ಬಿಪಿ ಏರ್ತಾ ಹೋಗುತ್ತೆ. ಮಲಗಿಸ್ಬೇಡಿ. ತಲೆನೋವು ಅಂದ್ರೆ ನಾವು ಮಾಡೋ ಮೊದಲನೇ ಕೆಲ್ಸನೇ ಮಲಗಿಸೋದು, ಇಲ್ಲಿ ಅದು ಬಿಪಿನ ಇನ್ನೂ ಏರಿಸುತ್ತೆ. ಎಬ್ಬಿಸಿ ಕೂರಿಸಿ, ಕಾಲು ಇಳಿಬಿಡಿ, ಬೆಲ್ಟು, ಸಾಕ್ಸು, ಬಿಗಿ ಬಟ್ಟೆ ಸಡಿಲ ಮಾಡಿ, ಮೂತ್ರದ ಪೈಪ್ (ಕ್ಯಾಥೆಟರ್) ಮಡಚಿದೆಯಾ, ಯೂರಿನ್ ಬ್ಯಾಗ್ ತುಂಬಿದೆಯಾ ನೋಡಿ. ಇಳೀಲಿಲ್ಲ ಅಂದ್ರೆ ತಡ ಮಾಡದೆ ಆಸ್ಪತ್ರೆಗೆ, ಕೂರಿಸ್ಕೊಂಡೇ. ಅಲ್ಲಿ ಬಿಪಿ 140 ನೋಡಿ ಪರವಾಗಿಲ್ಲ ಅಂದ್ರೆ, ಇವರದು ಯಾವಾಗ್ಲೂ 95-100 ಇರೋದು ಅಂತ ನೀವೇ ಬಾಯಿ ಬಿಟ್ಟು ಹೇಳಿ. ಅದಕ್ಕೆ ನಿಮ್ಮ ಮಾಮೂಲಿ ಬಿಪಿ ಎಷ್ಟು ಅಂತ ಒಂದು ಚೀಟೀಲಿ ಬರ್ದು ಪರ್ಸಲ್ಲಿ ಇಟ್ಕೊಂಡಿರಿ. ಸುಮ್ನೆ ಬಿಟ್ರೆ ಮಿದುಳಲ್ಲಿ ರಕ್ತಸ್ರಾವ ಆಗ್ಬೋದು. ಮೊದಲು ಬರದೇ ಇದ್ದ ಇದು ವರ್ಷಗಳ ನಂತರ ಪದೇ ಪದೇ ಬರೋಕೆ ಶುರು ಆದ್ರೆ ಅದರ ಹಿಂದೆಯೂ ಸಿರಿಂಕ್ಸ್ ಇರ್ಬೋದು.

ಆ ಅಣ್ಣನಿಗೆ ಬೆಂಗಳೂರಲ್ಲಿ ಆಪರೇಷನ್ ಆಯ್ತು. ಅಂಟಿಕೊಂಡ ಕಲೆ ಬಿಡಿಸಿ, ಹೊರಪೊರೆಗೆ ತೇಪೆ ಹಾಕಿ ಅಗಲ ಮಾಡಿ, ನೀರಿಗೆ ದಾರಿ ಮಾಡ್ಕೊಟ್ರು. ಇನ್ನು ಕೆಲವರಿಗೆ ಟೊಳ್ಳಿನಿಂದ ಸಣ್ಣ ಟ್ಯೂಬ್ ಹಾಕಿ ನೀರು ಬೇರೆ ಕಡೆ ಬಿಡ್ತಾರೆ, ಶಂಟ್ ಅಂತಾರೆ, ಅದು ಕಟ್ಕೊಂಡು ಮತ್ತೆ ಆಪರೇಷನ್ ಬೇಕಾಗೋದೂ ಇದೆ. ಸತ್ಯ ಹೇಳ್ಬೇಕು, ಇದು ಹೋದದ್ದನ್ನ ಪೂರ್ತಿ ವಾಪಸ್ ತರೋ ಆಪರೇಷನ್ ಅಲ್ಲ, ಇನ್ನು ಮುಂದೆ ಹೋಗದ ಹಾಗೆ ತಡೆಯೋದೇ ಮುಖ್ಯ ಉದ್ದೇಶ. ಅವರ ಕೈ ಬಲ ಇನ್ನೂ ಕಮ್ಮಿ ಆಗದೆ ಅಲ್ಲಿಗೇ ನಿಂತಿತು, ಸೀನಿದಾಗ ಬರೋ ನೋವು ಬಹಳ ಕಮ್ಮಿ ಆಯ್ತು, ಆದ್ರೆ ಎಡಗೈಗೆ ಬಿಸಿ ಇವತ್ತಿಗೂ ಗೊತ್ತಾಗಲ್ಲ. ನಾನು ಮೊದಲ ಸಲವೇ ಪಿನ್ನು ಹಿಡಿದಿದ್ರೆ ಆ ಐದಾರು ತಿಂಗಳು ಉಳೀತಿತ್ತು. ಅದಕ್ಕೇ ಎಲ್ಲಿ ಕರೆದ್ರೂ ಹೋಗಿ ಇದನ್ನೇ ಮಾತಾಡ್ತೀನಿ.

ಅವರ ಮನೇಲಿ ಈಗ ಒಂದು ಪದ್ಧತಿ ಇದೆ. ಆಯುಧ ಪೂಜೆ ದಿನ ವೀಲ್‌ಚೇರ್ ತೊಳೆದು ಕುಂಕುಮ ಹಚ್ಚಿ ಹೂ ಇಡ್ತಾರೆ. ಅದಾದ್ಮೇಲೆ ಅವರು ಕಣ್ಣು ಮುಚ್ಕೊಂಡು ಕೂರ್ತಾರೆ, ಹೆಂಡ್ತಿ ಹೊಸ ಸೇಫ್ಟಿ ಪಿನ್ ತಗೊಂಡು ಭುಜದಿಂದ ಬೆರಳ ತುದಿವರೆಗೆ, ಎದೆಯಿಂದ ಹೊಕ್ಕುಳವರೆಗೆ ಮೆಲ್ಲಗೆ, ರಕ್ತ ಬರದ ಹಾಗೆ, ಒಮ್ಮೆ ಮೊನೆ ಒಮ್ಮೆ ಹಿಂಬದಿ ಮುಟ್ಟಿಸ್ತಾ ಚೂಪೋ ಮೊಂಡೋ ಅಂತ ಕೇಳ್ತಾರೆ. ಎರಡು ಚಮಚ, ಒಂದು ತಣ್ಣೀರಲ್ಲಿ ಅದ್ದಿದ್ದು ಒಂದು ಬೆಚ್ಚಗಿನ ನೀರಲ್ಲಿ ಅದ್ದಿದ್ದು. ಬೆಚ್ಚಗೆ ಅಂದ್ರೆ ಬೆಚ್ಚಗೆ, ಆಕೆ ಮೊದಲು ತನ್ನ ಕೆನ್ನೆಗೆ ಮುಟ್ಟಿಸಿ ನೋಡ್ತಾರೆ. ಮಗಳು ನೋಟ್‌ಬುಕ್ಕಲ್ಲಿ ಒಂದು ಮನುಷ್ಯನ ಚಿತ್ರ ಬರ್ದು ಗೊತ್ತಾಗದ ಜಾಗಕ್ಕೆ ಬಣ್ಣ ಹಚ್ಚುತ್ತಾಳೆ, ಪಕ್ಕದಲ್ಲಿ ತಾರೀಖು. ಹೋದ ವರ್ಷದ ಪುಟ ತೆಗೆದು ಪಕ್ಕದಲ್ಲಿ ಇಟ್ಟು ನೋಡ್ತಾರೆ. ಡಾಕ್ಟ್ರು ಮಾಡೋ ಪರೀಕ್ಷೆಗೆ ಇದು ಬದಲಿ ಅಲ್ಲ, ವರ್ಷಕ್ಕೊಮ್ಮೆ ಆಸ್ಪತ್ರೇಲಿ ತೋರಿಸ್ಲೇಬೇಕು, ಆದ್ರೆ ಆ ನೋಟ್‌ಬುಕ್ ನೋಡಿದ ಡಾಕ್ಟ್ರು ಇದನ್ನ ಎಲ್ಲರೂ ಮಾಡ್ಬೇಕು ಅಂದ್ರಂತೆ.

ಕೊನೇಲಿ ಕೇಳಿದ ಪ್ರಶ್ನೆಗಳಲ್ಲಿ ಎರಡು ಬರೀತೀನಿ. ಒಬ್ಬ ಅಮ್ಮ ಕೇಳಿದ್ರು, ನಮ್ಮ ಹುಡುಗನಿಗೆ ರಾಡ್ ಹಾಕಿದಾರೆ, ಎಂಆರ್‌ಐ ಮಾಡಿದ್ರೆ ಮಿಷಿನ್ ಎಳ್ಕೊಂಡುಬಿಡುತ್ತಂತೆ ಹೌದಾ. ಅಮ್ಮ, ಈಗ ಹೆಚ್ಚಾಗಿ ಹಾಕೋದು ಟೈಟಾನಿಯಂ, ಅದು ಅಯಸ್ಕಾಂತಕ್ಕೆ ಅಂಟಲ್ಲ, ಸಾಮಾನ್ಯವಾಗಿ ಸ್ಕ್ಯಾನ್ ಮಾಡ್ಬೋದು, ರಾಡ್ ಇರೋ ಜಾಗದಲ್ಲಿ ಚಿತ್ರ ಸ್ವಲ್ಪ ಮಸುಕು ಬರ್ಬೋದು ಅಷ್ಟೆ. ಆಪರೇಷನ್ ಕಾಗದ ತಗೊಂಡು ಹೋಗಿ, ಯಾವ ಲೋಹ ಅಂತ ಅವರು ನೋಡಿ ಹೇಳ್ತಾರೆ. ಇನ್ನೊಬ್ಬ ತಮ್ಮ ಜಿಮ್ಮಲ್ಲಿ ಭಾರ ಎತ್ಬೋದಾ ಅಂತ ಕೇಳ್ದ. ಸಿರಿಂಕ್ಸ್ ಇಲ್ಲ ಅಂದ್ರೆ ಭುಜ ನೋಡ್ಕೊಂಡು ಎತ್ತು, ಇದೆ ಅಂತ ಗೊತ್ತಾಗಿದ್ರೆ ಉಸಿರು ಬಿಗಿ ಹಿಡಿದು ಮುಕ್ಕಿ ಎತ್ತೋದು ಬೇಡ, ಮಲ ವಿಸರ್ಜನೆಗೂ ಮುಕ್ಕೋದು ಬೇಡ, ನಾರು ಇರೋ ಊಟ, ನೀರು ಸರಿಯಾಗಿ ತಗೋ ಅಂದೆ.

ಹೊರಗೆ ಜಗಲಿ ಮೇಲೆ ಟೇಬಲ್ ಹಾಕಿದೀವಿ, ಹತ್ತಿ, ಚಮಚ, ಎರಡು ಪಾತ್ರೆ ನೀರು ಇದೆ, ಪಿನ್ನು ಒಬ್ಬೊಬ್ಬರಿಗೂ ಹೊಸದು. ಬಿದ್ದು ಐದು ವರ್ಷ ದಾಟಿದವರು ಮೊದಲು ಬನ್ನಿ, ಜೊತೇಲಿ ಮನೆಯವರೊಬ್ಬರು ಇರ್ಲಿ, ಹೇಗೆ ನೋಡೋದು ಅಂತ ಅವರ ಕೈಲೇ ಮಾಡಿಸ್ತೀನಿ.